ತಾಳಿಕೆ ಬೇರೆ, ಬಾಳಿಕೆ ಬೇರೆ

ಕೇಂದ್ರ ಸರ್ಕಾರವು 2001ರಲ್ಲಿ ರಕ್ಷಣಾ ಸಾಮಗ್ರಿಗಳ ತಯಾರಿಕೆಯನ್ನು ಖಾಸಗಿ ವಲಯಕ್ಕೆ ತೆರೆದ ನಂತರ, ಪರವಾನಗಿಯ ಚೌಕಟ್ಟಿನೊಳಗೆ ಬಂದೂಕಿನ ಬಿಡಿಭಾಗಗಳ ಮಾರುಕಟ್ಟೆಯು ಸಣ್ಣ ಕೈಗಾರಿಕೆಗಳಿಗೂ ಎಟಕುವಂತಾಗಿದೆ. ಬೆಂಗಳೂರಿನಲ್ಲಿಯೇ ಖಾಸಗಿ ವಲಯದ ಬಂದೂಕು ತಯಾರಿಕೆ ನಡೆದಿದೆ. ಪಿನ್ನು, ಸ್ಪ್ರಿಂಗು ಮುಂತಾದ ಭಾಗಗಳನ್ನು ಪೂರೈಸಲು ಮುಂದಾಗುವ ಉದ್ಯಮಿಯು ದರಪಟ್ಟಿ ನೀಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಈ ಭಾಗವು ಯಾವ ಬಗೆಯ ತೋಟಾದೊಡನೆ, ಎಷ್ಟು ಸಾವಿರ ಹೊಡೆತಗಳವರೆಗೆ ಬಾಳಬೇಕು? ಈ ಪ್ರಶ್ನೆಯ ಮಹತ್ವವು ಗಿಡ್ಡ ಪಿಸ್ತೂಲುಗಳಲ್ಲಿ ಎದ್ದು ಕಾಣುತ್ತದೆ.

ಅಮೆರಿಕದ ಬಂದೂಕು ಮತ್ತು ಮದ್ದುಗುಂಡು ತಯಾರಕರು 1926ರಲ್ಲಿ ಸ್ಥಾಪಿಸಿಕೊಂಡ ಮಾನಕ ಸಂಸ್ಥೆಯು 9 ಎಂ.ಎಂ. ತೋಟಾಗೆ ಚದರ ಅಂಗುಲಕ್ಕೆ 35,000 ಪೌಂಡುಗಳ ಒತ್ತಡದ ಮಿತಿಯನ್ನು ವಿಧಿಸಿದೆ. 'ಪ್ಲಸ್ ಪಿ' ಎಂಬ ಅಧಿಕ ಒತ್ತಡದ ತೋಟಾಗೆ ಈ ಮಿತಿ 38,500 ಪೌಂಡು, ಅಂದರೆ ಶೇ. 10ರಷ್ಟು ಹೆಚ್ಚು. ಪಿಸ್ತೂಲು ಇಂತಹ ತೋಟಾಗೆ ಯೋಗ್ಯವೆಂದು ತಯಾರಕರು ಹೇಳಿದೊಡನೆ ಅದು ದೀರ್ಘಕಾಲ ಬಾಳುತ್ತದೆಂದೂ ಕೊಳ್ಳುವವರು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ಯುರೋಪಿನ ಪ್ರಮಾಣೀಕರಣ ಪದ್ಧತಿಯಲ್ಲಿ ಮಿತಿಗಿಂತ ಶೇ. 30ರಷ್ಟು ಹೆಚ್ಚು ಒತ್ತಡದ ಒಂದೆರಡು ತೋಟಾಗಳನ್ನು ಹಾರಿಸಿ ಮುದ್ರೆ ಒತ್ತುತ್ತಾರೆ. ಆ ಮುದ್ರೆಯು ತಾಳಿಕೆಗೆ ಸಾಕ್ಷಿಯೇ ಹೊರತು ಬಾಳಿಕೆಗಲ್ಲ. ಸಾವಿರಾರು ಹೊಡೆತಗಳ ನಂತರ ಲೋಹಕ್ಕೆ ಬರುವ ದಣಿವನ್ನು ಅದು ಅಳೆಯುವುದಿಲ್ಲ.

ಗಿಡ್ಡ ಪಿಸ್ತೂಲಿಗೆ ಈ ದಣಿವು ಬೇಗ ಬರಲು ಸರಳವಾದ ಕಾರಣವಿದೆ. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಸಂವೇಗದಿಂದ ನಳಿಗೆ ಮತ್ತು ಸ್ಲೈಡು ಹಿಂದಕ್ಕೆ ಚಲಿಸುತ್ತವೆ. ಸಂವೇಗ ಬದಲಾಗದೆ ಇವುಗಳ ತೂಕ ಶೇ. 20ರಷ್ಟು ತಗ್ಗಿದರೆ, ಚಲನಶಕ್ತಿಯು ಶೇ. 25ರಷ್ಟು ಹೆಚ್ಚುತ್ತದೆ. ಜೊತೆಗೆ ಸಂವೇಗವೂ ಶೇ. 5ರಷ್ಟು ಏರಿದರೆ ಒಟ್ಟು ಹೆಚ್ಚಳ ಶೇ. 38ರ ಸಮೀಪಕ್ಕೆ ತಲುಪುತ್ತದೆ. ಸ್ಲೈಡು ಸರಿಯುವ ದೂರವೂ ಕಿರಿದಾದುದರಿಂದ ಆ ಶಕ್ತಿಯನ್ನೆಲ್ಲ ಗಿಡ್ಡ ರಿಕಾಯಿಲ್ ಸ್ಪ್ರಿಂಗು ಮತ್ತು ಫ್ರೇಮು ಹೊರಬೇಕು. ಸ್ಪ್ರಿಂಗು ಸಡಿಲಗೊಂಡ ದಿನದಿಂದ ಸ್ಲೈಡಿನ ಪೆಟ್ಟು ನೇರವಾಗಿ ಫ್ರೇಮಿಗೇ ಬೀಳುತ್ತದೆ.

ಒತ್ತಡದ ಅಂಕಿಯೊಂದನ್ನೇ ನೋಡುವುದೂ ಸಾಲದು. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಮೃತಪಟ್ಟ ನಂತರ ಹೆಚ್ಚು ಪ್ರಬಲವಾದ ತೋಟಾಗಾಗಿ ಹುಡುಕಾಟ ನಡೆದು, 1990ರಲ್ಲಿ .40 ತೋಟಾ ಮಾರುಕಟ್ಟೆಗೆ ಬಂದಿತು. ಇದರ ಒತ್ತಡದ ಮಿತಿಯೂ 35,000 ಪೌಂಡುಗಳೇ. ಆದರೆ ಗುಂಡು ಭಾರವಾದುದರಿಂದ ಸಂವೇಗ ಹೆಚ್ಚು. 9 ಎಂ.ಎಂ. ಗಾತ್ರದ ಪಿಸ್ತೂಲುಗಳಲ್ಲಿಯೇ ಇದನ್ನು ಅಳವಡಿಸಿದ್ದು ವ್ಯಾಪಾರಕ್ಕೆ ಅನುಕೂಲವಾಯಿತು, ಬಿಡಿಭಾಗಗಳಿಗೆ ಹೊರೆಯಾಯಿತು. ಗ್ಲಾಕ್ ಸಂಸ್ಥೆಯು ತನ್ನ .40 ಪಿಸ್ತೂಲಿನ ಲಾಕಿಂಗ್ ಬ್ಲಾಕಿಗೆ ಮುಂದೆ ಇನ್ನೊಂದು ಪಿನ್ನನ್ನು ಸೇರಿಸಿತು. 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗವು 9 ಎಂ.ಎಂ.ಗೆ ಮರಳುವುದನ್ನು ಸಮರ್ಥಿಸಿದಾಗ, ಹೊಸ ಗುಂಡುಗಳ ಪರಿಣಾಮ ಮತ್ತು ಹಿಡಿತದ ಸುಲಭತೆಯ ಜೊತೆಗೆ ಪಿಸ್ತೂಲಿನ ಸವೆತ ಕಡಿಮೆ ಎಂಬುದನ್ನೂ ಕಾರಣವಾಗಿ ನೀಡಿತು.

ಬಾಳಿಕೆಯ ಪರೀಕ್ಷೆ ದುಬಾರಿ, ಕನಿಷ್ಠ ದರದ ಟೆಂಡರಿನಲ್ಲಿ ಅದಕ್ಕೆ ಬೆಲೆಯಿಲ್ಲ ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಗುಂಡು ಹಾರಿಸಿ ನೋಡುವ ಹೊಣೆಯು ಪಿಸ್ತೂಲನ್ನು ಜೋಡಿಸುವ ಕಂಪನಿಯದು. ಸ್ಪ್ರಿಂಗನ್ನು ಸಾವಿರಾರು ಬಾರಿ ಅದುಮಿ ಬಿಡುವ ಪರೀಕ್ಷೆಗೆ ಒಂದು ತೋಟಾವೂ ಬೇಕಿಲ್ಲ. ಹೀಟ್ ಟ್ರೀಟ್‌ಮೆಂಟಿನ ಬ್ಯಾಚ್ ಸಂಖ್ಯೆ, ಗಡಸುತನದ ಅಳತೆ ಮತ್ತು ಕಚ್ಚಾ ಉಕ್ಕಿನ ಪ್ರಮಾಣಪತ್ರಗಳ ದಾಖಲೆಯನ್ನು ಇಡುವುದು ಸಣ್ಣ ಘಟಕಕ್ಕೂ ಸಾಧ್ಯ. ಮುಂದೆ ಭಾಗ ಮುರಿದರೆ, ತಪ್ಪು ಉಕ್ಕಿನದೋ ಮಿತಿಮೀರಿದ ತೋಟಾದ್ದೋ ಎಂಬ ವಿವಾದದಲ್ಲಿ ಆ ದಾಖಲೆಯೇ ಅವರ ರಕ್ಷಣೆ.

ಖರೀದಿದಾರರೂ ಲೆಕ್ಕದ ಕ್ರಮವನ್ನು ಬದಲಿಸಬೇಕು. ಉದಾಹರಣೆಗೆ, 100 ರೂಪಾಯಿಯ ಸ್ಪ್ರಿಂಗು 2,000 ಹೊಡೆತಗಳಿಗೂ 150 ರೂಪಾಯಿಯದು 5,000 ಹೊಡೆತಗಳಿಗೂ ಬಾಳುವುದಾದರೆ, ಸಾವಿರ ಹೊಡೆತಕ್ಕೆ ಬೀಳುವ ವೆಚ್ಚ ಕ್ರಮವಾಗಿ 50 ಮತ್ತು 30 ರೂಪಾಯಿ. ಟೆಂಡರಿನಲ್ಲಿ ತೋಟಾದ ಬಗೆ ಮತ್ತು ಹೊಡೆತಗಳ ಸಂಖ್ಯೆಯನ್ನು ನಮೂದಿಸದಿದ್ದರೆ ದುಬಾರಿಯಾದ ಸ್ಪ್ರಿಂಗೇ ಅಗ್ಗದ ಹೆಸರಿನಲ್ಲಿ ಆಯ್ಕೆಯಾಗುತ್ತದೆ. ಸಣ್ಣ ಕೈಗಾರಿಕೆಗಳ ಸಂಘಗಳು ಈ ಎರಡು ಅಂಶಗಳನ್ನು ಟೆಂಡರಿನಲ್ಲಿ ಕಡ್ಡಾಯಗೊಳಿಸುವಂತೆ ಒಟ್ಟಾಗಿ ಒತ್ತಾಯಿಸುವುದು ಸೂಕ್ತ. ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಕರ್ತವ್ಯಕ್ಕೆ ಹೊರಡುವ ಸಿಬ್ಬಂದಿಗೆ ಒಳಗಿನ ಸ್ಪ್ರಿಂಗಿನ ವಯಸ್ಸು ಕಾಣುವುದಿಲ್ಲ. ಅದನ್ನು ತಿಳಿಸುವ ಹೊಣೆ ತಯಾರಿಸಿದವರದು ಮತ್ತು ಮಾರಿದವರದು.