ಕಡಲಿಗೂ ಪಾಲಿದೆ

ಮಳೆಗಾಲ ಬಂತೆಂದರೆ ಯಾರಾದರೊಬ್ಬ ರಾಜಕಾರಣಿ ವೇದಿಕೆ ಹತ್ತಿ, ಪಶ್ಚಿಮ ಘಟ್ಟದ ಇಷ್ಟು ಟಿಎಂಸಿ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ ಎಂದು ಮರುಗುತ್ತಾರೆ. ಕೊಳವೆಬಾವಿ ಎಷ್ಟು ಕೊರೆದರೂ ಫ್ಲೋರೈಡ್ ನೀರೇ ಸಿಗುವ ಬಯಲುಸೀಮೆಯವರ ಸಂಕಟ ನಿಜ. ಅದನ್ನು ತಳ್ಳಿಹಾಕುವ ಹಕ್ಕು ಕರಾವಳಿಯವರಿಗೂ ಇಲ್ಲ. ಆದರೆ ಆ ಸಂಕಟಕ್ಕೆ ದಾರಿ ಹುಡುಕುವುದು ಬೇರೆ, ಕಡಲು ಸೇರಿದ್ದೆಲ್ಲ ಹಾಳು ಎನ್ನುವುದು ಬೇರೆ. ಎರಡನೆಯದು ಶುದ್ಧ ಅಜ್ಞಾನ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ನೋಡಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟೆಯಿಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಉಬ್ಬರದೊಡನೆ ಉಪ್ಪು ಬಹುದೂರ ಒಳಗೇರುತ್ತದೆ. ಇದೇ ಲಯಕ್ಕೆ ಒಗ್ಗಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು ಬಂತು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಸಿಗಡಿ, ಮೀನು. ಇಳಿತದ ಹೊತ್ತಿಗೆ ಜನ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಆ ಬಳಚು ತಿನ್ನುವ ಸೂಕ್ಷ್ಮ ಪಾಚಿಗೆ ಗೊಬ್ಬರ ಎಲ್ಲಿಂದ? ಘಟ್ಟದ ಕಾಡಿನ ಕೊಳೆತ ತರಗೆಲೆಯಿಂದ, ಹೊಳೆ ಹೊತ್ತು ತಂದ ಮೆಕ್ಕಲಿನಿಂದ, ದಂಡೆಯ ಕಾಂಡ್ಲಾ ಗಿಡಗಳಿಂದ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು.

ಅಲ್ಲೇ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ ಇದೆ. ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ. ನಾಡಿಗೆ ಬೆಳಕು ಕೊಟ್ಟ ಈ ಹೊಳೆಯ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ವಿದ್ಯುದಾಗಾರಗಳು ಬೇಸಿಗೆಯಲ್ಲೂ ಸಿಹಿನೀರು ಬಿಡುತ್ತಲೇ ಇರುವುದರಿಂದ ಅಳಿವೆಗೆ ಬೇಕಾದಷ್ಟು ಉಪ್ಪು ಏರುವುದಿಲ್ಲ. ಅಘನಾಶಿನಿಗೆ ಹೋಲಿಸಿದರೆ ಇಲ್ಲಿ ಬಳಚು ತೀರಾ ಕ್ಷೀಣ. ಗಮನಿಸಿ: ಇಲ್ಲಿ ಕೆಟ್ಟದ್ದು ನೀರು ಕಡಿಮೆಯಾಗಿ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದು. ಟಿಎಂಸಿ ಲೆಕ್ಕದಲ್ಲಿ ಈ ಪೆಟ್ಟು ಕಾಣುವುದೇ ಇಲ್ಲ. ಕಡಲತೀರ ತಲುಪದೆ ಜಲಾಶಯದ ತಳದಲ್ಲಿ ಕೂತ ಮರಳೂ ಕಾಣುವುದಿಲ್ಲ.

ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಹೊಳೆ ತಪ್ಪಿದರೆ ಏನಾದೀತು ಎನ್ನುವವರು ಒಮ್ಮೆ ಮೀನುಪೇಟೆಗೆ ಹೋಗಿ ಕೇಳಲಿ.

ಈಗ ಅಘನಾಶಿನಿಯನ್ನೂ ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪವಿದೆ. ಕುಡಿಯುವ ನೀರಿನ ಮಾತು ಖಂಡಿತ ಆಡೋಣ. ಬಯಲುಸೀಮೆಯ ಕೆರೆಗಳ ಹೂಳಿನಿಂದಲೇ ಶುರುಮಾಡೋಣ. ಅಳಿವೆಯ ಮೀನು, ಬಳಚು, ಗಜನಿಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಯೋಜನಾ ವರದಿಗೆ ಮಾತ್ರ ಯಾವ ಸರ್ಕಾರವೂ ಸಹಿ ಹಾಕಬಾರದು.