ಅಜ್ಜನ ಅದೃಷ್ಟವೂ ಎನ್‌ಕೆ ಕೋಶವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆಯೇ ಬದುಕು. ರಾಶಿ ಅಡಿಕೆಯ ದರ ಏರಿತೋ ಇಳಿಯಿತೋ ಎಂಬುದರ ಮೇಲೆ ಮಗಳ ಮದುವೆಯೂ ನಿಂತಿರುತ್ತದೆ. ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳ ಹೆಚ್ಚು. ಆದರೆ ಪಾನ್ ಮಸಾಲಾ ಪೊಟ್ಟಣಕ್ಕೆ ತಾಲ್ಲೂಕಿನ ಗಡಿಯಿಲ್ಲ. ಇಲ್ಲಿ ಬಾಯಿ ಕ್ಯಾನ್ಸರಿನ ಮಾತೆತ್ತಿದರೆ, ‘ನಮ್ಮಜ್ಜ ಸಾಯೋವರೆಗೂ ಎಲೆಅಡಿಕೆ ಹಾಕಿದ, ಏನಾಯ್ತು?’ ಎಂಬ ಪ್ರಶ್ನೆ ಥಟ್ಟನೆ ಬರುತ್ತದೆ.

ಅಜ್ಜನನ್ನು ಕಾಯ್ದವರಲ್ಲಿ ಅವನ ರಕ್ತದಲ್ಲೇ ಓಡಾಡುತ್ತಿದ್ದ ‘ನ್ಯಾಚುರಲ್ ಕಿಲ್ಲರ್’ ಅಥವಾ ಎನ್‌ಕೆ ಕೋಶಗಳೂ ಇದ್ದಿರಬಹುದು. 1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು, ಅದೇ ಹೊತ್ತಿಗೆ ಅಮೆರಿಕದ ರೊನಾಲ್ಡ್ ಹರ್ಬರ್ಮನ್ ಇವುಗಳನ್ನು ಗುರುತಿಸಿದರು. ಆರೋಗ್ಯವಂತ ಕೋಶ ತನ್ನ ಮೈಮೇಲೆ ‘ಎಂಎಚ್‌ಸಿ-1’ ಎಂಬ ಪ್ರೋಟೀನ್ ಹೊತ್ತಿರುತ್ತದೆ. ರೋಗನಿರೋಧಕ ಪಡೆಯ ಇನ್ನೊಂದು ಬಗೆಯಾದ ಟಿ ಕೋಶಗಳ ಕಣ್ಣು ತಪ್ಪಿಸಲು ಎಷ್ಟೋ ಕ್ಯಾನ್ಸರ್ ಕೋಶಗಳು ಅದನ್ನು ಕಳಚಿಹಾಕುತ್ತವೆ. ಅಲ್ಲೇ ಸಿಕ್ಕಿಬೀಳುತ್ತವೆ: ತೋಟದ ಕಾವಲುಗಾರ ಪರಿಚಯದ ಮುಖ ಕಂಡರೆ ಸುಮ್ಮನಿದ್ದು, ಮುಸುಕು ಹಾಕಿದವನನ್ನು ಹಿಡಿದಂತೆ, ಎನ್‌ಕೆ ಕೋಶ ಆ ಪ್ರೋಟೀನ್ ಕಾಣದ ಕೋಶದ ಮೇಲೆ ಎರಗುತ್ತದೆ. ಪರ್ಫೋರಿನ್‌ನಿಂದ ಅದರ ಪೊರೆಗೆ ತೂತು ಕೊರೆದು, ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಗೆ ಕಳಿಸಿ ಕೊಲ್ಲುತ್ತದೆ.

ಜಪಾನಿನ ಸೈತಾಮಾದಲ್ಲಿ 3,625 ಜನರನ್ನು 11 ವರ್ಷ ಗಮನಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ರಕ್ತದ ಈ ಕೊಲ್ಲುವ ಕಸುವು ಕಡಿಮೆಯಿದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಕಂಡಿತ್ತು.

ಹಾಗೆಂದು ‘ಇಮ್ಯೂನಿಟಿ ಪುಡಿ’ ಕೊಳ್ಳಲು ಓಡಬೇಕಿಲ್ಲ. ಗಡ್ಡೆಯೂ ಸುಮ್ಮನೆ ಕೂರುವುದಿಲ್ಲ. ಟಿಜಿಎಫ್-ಬೀಟಾದಂಥ ರಾಸಾಯನಿಕ ಸುರಿಸಿ ಎನ್‌ಕೆ ಕೋಶಗಳನ್ನು ಮಂಕಾಗಿಸುತ್ತದೆ. ಬೀಡಿ, ಸಿಗರೇಟಿನ ಹೊಗೆಯೂ ಅವುಗಳ ಬಲ ಕುಗ್ಗಿಸುತ್ತದೆ. ಪುಡಿಯ ಡಬ್ಬಿ ಇದಕ್ಕೆಲ್ಲ ಉತ್ತರವಲ್ಲ.

ತಂಬಾಕಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ಐಎಆರ್‌ಸಿ 2004ರಲ್ಲೇ ಪ್ರಕಟಿಸಿದೆ. ಬೆಳೆಗಾರರಿಗೆ ಇದು ಕಹಿ, ಅವರ ಆತಂಕವೂ ಸಹಜ. ಆದರೆ ದರದ ಚಿಂತೆಗಾಗಿ ಬಾಯಿಯ ಹುಣ್ಣನ್ನು ಮುಚ್ಚಿಡಲಾಗದು. 2013ರಿಂದ ರಾಜ್ಯದಲ್ಲಿ ಗುಟ್ಕಾ ನಿಷೇಧವಿದೆ. ಅಂಗಡಿಯಲ್ಲಿ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಯಿತು, ಅಷ್ಟೇ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದವರಿಗೆ ಬಾಯಿಯ ತಪಾಸಣೆ ಆಗಬೇಕೆಂಬ ನಿಯಮವಿದೆ. ಈ ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು ಸಂತೆಯ ದಿನವೇ ಅದನ್ನು ನಡೆಸಲಿ, ಬಯಾಪ್ಸಿ ಮಾದರಿಯನ್ನೂ ಅಲ್ಲೇ ತೆಗೆಯಲಿ. ಕೂಲಿ ಬಿಟ್ಟು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆವರೆಗೆ ಹೋಗುವ ಸರದಿ ಕ್ಯಾನ್ಸರ್ ಖಾತ್ರಿಯಾದವರಿಗಷ್ಟೇ ಬರಲಿ. ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ ಇದ್ದವರು ಮಾತ್ರ ಆ ದಿನಕ್ಕೂ ಕಾಯದೆ ವೈದ್ಯರಿಗೆ ತೋರಿಸಿಕೊಳ್ಳಿ.