ಡಬ್ಬಿಯ ಸಕ್ಕರೆ ಮತ್ತು ನಮ್ಮ ರಾಗಿ ಸರಿ

ಮಗುವಿಗೆ ಆರು ತಿಂಗಳು ತುಂಬುತ್ತಿದ್ದ ಹಾಗೆ ಮನೆಯಲ್ಲಿ ಒಂದು ಪುಟ್ಟ ಅಧಿವೇಶನವೇ ಶುರುವಾಗುತ್ತದೆ! ಅತ್ತೆಯವರದು ರಾಗಿ ಸರಿಯ ಪಕ್ಷ. ಪಕ್ಕದ ಮನೆಯಾಕೆ ಡಬ್ಬಿಯ ಹೆಸರು ಹೇಳಿ, ‘ನಮ್ಮ ಪಾಪು ಇದನ್ನ ಬಿಟ್ರೆ ಬೇರೇನೂ ಮುಟ್ಟಲ್ಲ ಕಣ್ರೀ’ ಅನ್ನುತ್ತಾಳೆ. ಅಮ್ಮ ಫೋನಿನಲ್ಲಿ ಇನ್ನೊಂದು ಹೇಳುತ್ತಾರೆ. ಎಲ್ಲರ ಮಾತೂ ಕೇಳಿ ಕೇಳಿ ಸುಸ್ತಾದ ತಾಯಿ ಕೊನೆಗೆ ಬಿಸಿನೀರಿಗೆ ಪುಡಿ ಕಲಸುವುದೇ ಸುಲಭ ಎಂದುಕೊಂಡರೆ ಆಶ್ಚರ್ಯವಿಲ್ಲ.

ಆ ಪುಡಿಯ ಬಗ್ಗೆಯೇ 2024ರ ಏಪ್ರಿಲ್‌ನಲ್ಲಿ ದೊಡ್ಡ ಗದ್ದಲವೆದ್ದಿದ್ದು ನಿಮಗೆ ನೆನಪಿರಬಹುದು. ಸ್ವಿಟ್ಜರ್ಲೆಂಡ್‌ನ ‘ಪಬ್ಲಿಕ್ ಐ’ ಸಂಸ್ಥೆ ಮತ್ತು ಶಿಶು ಆಹಾರದ ವಿಷಯದಲ್ಲಿ ದುಡಿಯುವ ‘ಇಬ್‌ಫಾನ್’ ಜಾಲ ಸೇರಿ ಬೇರೆ ಬೇರೆ ದೇಶಗಳ ಸೆರೆಲ್ಯಾಕ್ ಡಬ್ಬಿಗಳನ್ನು ಪರೀಕ್ಷೆ ಮಾಡಿಸಿದವು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಹೊತ್ತಿನ ಊಟಕ್ಕೆ ಸರಾಸರಿ 2.7 ಗ್ರಾಂ ಸಕ್ಕರೆ ಸೇರಿಸಲಾಗಿದೆ ಎಂದು ಗೊತ್ತಾಯಿತು. ಆರು ತಿಂಗಳ ಮಕ್ಕಳಿಗೆಂದು ಜರ್ಮನಿ, ಬ್ರಿಟನ್‌ಗಳಲ್ಲಿ ಮಾರುವ ಅದೇ ಕಂಪೆನಿಯ ಗೋಧಿ ಆಹಾರಕ್ಕೆ ಸಕ್ಕರೆ ಸೇರಿಸಿರಲಿಲ್ಲ. ಅಲ್ಲಿಯ ಕೂಸಿಗೆ ಬೇಡದ ಸಕ್ಕರೆ ನಮ್ಮ ಕೂಸಿಗೇಕೆ ಎಂದು ಎಲ್ಲರೂ ಕೇಳಿದರು. ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇ. 30ರವರೆಗೆ ಇಳಿಸಿದ್ದೇವೆ ಎಂದು ನೆಸ್ಲೆ ಇಂಡಿಯಾ ಉತ್ತರ ಕೊಟ್ಟಿತು. ಅದೇ ವರ್ಷ ಮುಂದೆ ಸಂಸ್ಕರಿಸಿದ ಸಕ್ಕರೆಯಿಲ್ಲದ ಬಗೆಗಳನ್ನೂ ಹೊರತರುವುದಾಗಿ ಪ್ರಕಟಿಸಿತು.

ಈ ಗದ್ದಲದಲ್ಲಿ ಒಂದು ಮಾತು ಮಾತ್ರ ಮೂಲೆಗೆ ಬಿತ್ತು. ಕಂಪೆನಿ ಕಾನೂನು ಮುರಿದಿರಲಿಲ್ಲ! ಶಿಶು ಆಹಾರದ ಕುರಿತ ನಮ್ಮ 2020ರ ನಿಯಮಗಳು ಅಗತ್ಯವಿದ್ದರೆ ಸಕ್ಕರೆ ಹಾಕಲು ಅವಕಾಶ ಕೊಡುತ್ತವೆ. ಒಟ್ಟು ಕಾರ್ಬೋಹೈಡ್ರೇಟಿನಲ್ಲಿ ಶೇ. 20ನ್ನು ಮೀರಬಾರದು, ಅಷ್ಟೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ ಎಂದು ಒಂದು ಕಡೆ ತಜ್ಞರು ಹೇಳುತ್ತಾರೆ, ಇನ್ನೊಂದು ಕಡೆ ನಿಯಮವೇ ಬಾಗಿಲು ತೆರೆದಿಟ್ಟಿದೆ. ಬಯ್ಯುವುದಾದರೆ ಡಬ್ಬಿಯ ಜೊತೆಗೆ ನಿಯಮ ಬರೆದವರನ್ನೂ ಬಯ್ಯಬೇಕು.

ಅಷ್ಟು ಸಣ್ಣ ಚಮಚದ ಸಕ್ಕರೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಅನ್ನಿಸಬಹುದು. ಬ್ರಿಟನ್ನಿನ ಒಂದು ಕಥೆ ಕೇಳಿ. ಎರಡನೇ ಮಹಾಯುದ್ಧದ ಕಾಲದಿಂದ ಅಲ್ಲಿ ಸಕ್ಕರೆಗೆ ರೇಷನ್ ಇತ್ತು. 1953ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದದ್ದೇ ತಡ, ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ರೇಷನ್ ಇದ್ದಾಗ ಗರ್ಭದಲ್ಲಿದ್ದು, ಎರಡು ವರ್ಷದ ತನಕ ಕಡಿಮೆ ಸಕ್ಕರೆಯಲ್ಲಿ ಬೆಳೆದವರನ್ನೂ ರೇಷನ್ ಹೋದ ಮೇಲೆ ಹುಟ್ಟಿದವರನ್ನೂ ಸಂಶೋಧಕರು ಹೋಲಿಸಿ ನೋಡಿದರು. ಮೊದಲ ಗುಂಪಿನವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಅಪಾಯ ಸುಮಾರು ಶೇ. 20ರಷ್ಟು ಕಡಿಮೆ ಇತ್ತು. ಈ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮನೆಗೊಬ್ಬರು ಶುಗರ್ ಮಾತ್ರೆ ನುಂಗುವ ನಮ್ಮ ಊರುಗಳಲ್ಲಿ ಇದನ್ನು ಓದಿ ಸುಮ್ಮನೆ ಪುಟ ತಿರುಗಿಸೋಕಾಗುತ್ತಾ?

ನಾವೇನು ಕಡಿಮೆ?

ಡಬ್ಬಿಯನ್ನು ಬಯ್ಯುವುದು ಸುಲಭ. ಆದರೆ ಕೂಸಿನ ಬಾಯಿಗೆ ಮೊದಲು ಸಿಹಿ ಇಟ್ಟವರು ಯಾರು? ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸುವವರು ಇನ್ನೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡುತ್ತದೆ. ಸಕ್ಕರೆ ನೀರು, ಗ್ಲೂಕೋಸ್ ನೀರು, ಗ್ರೈಪ್ ವಾಟರ್... ಒಳಲೆಯಲ್ಲಿ ಏನೇನು ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ದಿಗಿಲಾಗುತ್ತದೆ. ಆರು ತಿಂಗಳ ತನಕ ತಾಯಿ ಹಾಲೊಂದೇ ಸಾಕು. ನಮ್ಮ ದುರ್ಗದ ಬೇಸಿಗೆಯಲ್ಲೂ ಪ್ರತ್ಯೇಕ ನೀರು ಬೇಡ, ಏಕೆಂದರೆ ಎದೆಹಾಲಿನಲ್ಲಿ ಬಹುಪಾಲು ನೀರೇ.

ಇನ್ನೊಂದು ವಿಚಿತ್ರ ನೋಡಿ. ಹಸು ಈದಿದೆ ಎಂದರೆ ಗಿಣ್ಣು ಹಾಲಿಗಾಗಿ ಬೀದಿಯೆಲ್ಲ ಕಾದು ಕೂರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಚಪ್ಪರಿಸುತ್ತೇವೆ. ಹೆತ್ತ ತಾಯಿಯ ಎದೆಯಲ್ಲಿ ಅದೇ ಹಳದಿ, ಮಂದ ಹಾಲು ಬಂದರೆ ‘ಕೆಟ್ಟ ಹಾಲು, ಹಿಂಡಿ ಚೆಲ್ಲು’ ಎನ್ನುವ ಅಜ್ಜಿಯರಿದ್ದಾರೆ! ಕರುವಿನ ಪಾಲಿನದ್ದು ನಮಗೆ ಬೇಕು, ನಮ್ಮ ಕೂಸಿನ ಪಾಲಿನದ್ದು ಬೇಡ. ರೋಗ ತಡೆಯುವ ಶಕ್ತಿ ತುಂಬಿರುವುದು ಆ ಮೊದಲ ಹಾಲಿನಲ್ಲೇ.

ತಪ್ಪೆಲ್ಲ ಅಜ್ಜಿಯರದ್ದೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕಿದ್ದು ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ. ಅಂದರೆ ಡಾಕ್ಟರು, ನರ್ಸು ಎಲ್ಲ ಇದ್ದಾಗಲೇ ಆ ಗಂಟೆ ಕಳೆದುಹೋಗುತ್ತಿದೆ. ಸಿಜೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ಕೂಸನ್ನು ಎದೆಗೆ ಹಾಕಬಹುದು. ಹೆರಿಗೆಗೆ ಹೋಗುವ ಮುಂಚೆಯೇ ‘ಪಾಪುನ ಬೇಗ ನನ್ನ ಹತ್ರ ಕೊಡ್ರೀ’ ಎಂದು ಹೇಳಿಟ್ಟಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

(ಹಾಲು ಸಾಲದೆ, ಕಾಯಿಲೆಯಾಗಿ, ಡಾಕ್ಟರ ಮಾತಿನಂತೆ ಡಬ್ಬಿ ಹಾಲು ಹಾಕುವ ತಾಯಂದಿರಿದ್ದಾರೆ. ದಯವಿಟ್ಟು ಅವರನ್ನು ಆಡಿಕೊಳ್ಳಬೇಡಿ. ಅವರ ಸಂಕಟ ಅವರಿಗೇ ಗೊತ್ತು.)

ಆರು ತಿಂಗಳಿಂದ ಎರಡು ವರ್ಷ

ನಿಜವಾದ ಹಳ್ಳ ಇರುವುದು ಇಲ್ಲಿ. ಅದೇ ಸಮೀಕ್ಷೆಯಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ಸಿಗುತ್ತಿದ್ದವರು ದೇಶದಲ್ಲಿ ಶೇ. 11.3 ಮಾತ್ರ. ಬಡವರ ಮನೆಯ ಮಾತು ಇದು ಅಂದುಕೊಳ್ಳಬೇಡಿ. ಪಟ್ಟಣಕ್ಕೂ ಹಳ್ಳಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಫ್ರಿಜ್ ತುಂಬಿರುವ ಮನೆಯ ಮಗುವೂ ಬಿಸ್ಕತ್ತು, ಹಾಲು, ತಿಳಿ ಅನ್ನದಲ್ಲೇ ದಿನ ದೂಡುತ್ತದೆ. ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಇಳಿಯಬೇಕಾದದ್ದು ಏರಿದೆ!

ಹುಟ್ಟುವಾಗ ಮಗು ತಾಯಿಯಿಂದ ಪಡೆದು ತಂದ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಖರ್ಚಾಗುತ್ತದೆ. ಮೆದುಳು ಭರದಿಂದ ಬೆಳೆಯುವುದೂ ಇದೇ ಹೊತ್ತಿನಲ್ಲಿ. ಎರಡು ವರ್ಷಕ್ಕೆಲ್ಲ ಅದು ದೊಡ್ಡವರ ಮೆದುಳಿನ ಗಾತ್ರದ ಮುಕ್ಕಾಲು ಪಾಲು ಮುಟ್ಟಿರುತ್ತದೆ. ಆಗ ಕಬ್ಬಿಣ ಸಾಲದಿದ್ದರೆ ಗಮನ, ಕಲಿಕೆಗೆ ಪೆಟ್ಟು ಬೀಳುತ್ತದೆ, ಮುಂದೆ ಟಾನಿಕ್ ಕುಡಿಸಿದರೂ ಅದು ಪೂರ್ತಿ ತುಂಬಿಬರುವುದು ಕಷ್ಟ. ಎಲ್‌ಕೆಜಿ ಸೀಟಿಗೆ ಓಡಾಡುವ ನಾವು ಈ ಹದಿನೆಂಟು ತಿಂಗಳನ್ನು ಎಷ್ಟು ಹಗುರವಾಗಿ ಕಳೆಯುತ್ತೇವೆ ಅಲ್ವಾ?

ಬೇಸರದ ಸಂಗತಿಯೆಂದರೆ, ರಾಗಿ ಬೆಳೆಯುವ ನಾಡಿಗೇ ಡಬ್ಬಿ ಬಂದು ಕೂತಿದೆ. ಹಿರೇಗುಂಟನೂರು, ಭೀಮಸಮುದ್ರದ ಕಡೆಯಿಂದ ದುರ್ಗದ ಆಸ್ಪತ್ರೆಗೆ ಬಂದು ಹೋಗುವ ಹೆಣ್ಣುಮಕ್ಕಳ ಚೀಲದಲ್ಲೂ ಈಗ ಅದು ಇಣುಕುತ್ತದೆ. ಪೇಟೆಯವರು ಕೊಡುತ್ತಾರೆ ಎಂದ ಮೇಲೆ ಒಳ್ಳೆಯದೇ ಇರಬೇಕು ಎಂಬ ನಂಬಿಕೆ ಅವರದು. ಪೇಟೆಯ ನಾವೋ, ಅವರ ಊರಿನ ರಾಗಿಯನ್ನೇ ‘ಸ್ಪ್ರೌಟೆಡ್’ ಎಂಬ ಚೀಟಿ ಅಂಟಿಸಿದ ಪೊಟ್ಟಣದಲ್ಲಿ ನಾಲ್ಕು ಪಟ್ಟು ಬೆಲೆ ಕೊಟ್ಟು ತರುತ್ತೇವೆ!

ಸರಿ ಮಾಡುವುದರಲ್ಲೇ ಇದೆ

ನಮ್ಮಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಿದ್ದರಲ್ಲ, ಅದರಲ್ಲಿ ಅಪ್ಪಟ ವಿಜ್ಞಾನವಿದೆ. ಸಾದಾ ಹಿಟ್ಟಿನ ಸರಿ ಬೇಯುತ್ತಿದ್ದಂತೆ ಗಟ್ಟಿಯಾಗುತ್ತದೆ, ನುಂಗಿಸಲು ನೀರು ಸೇರಿಸುತ್ತೇವೆ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ನುಣುಪಾಗಿ ಇಳಿಯುತ್ತದೆ. ಒಂದೇ ಬಟ್ಟಲಲ್ಲಿ ಹೆಚ್ಚು ಶಕ್ತಿ! ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮೊಳಕೆ ರಾಗಿಗೆ ಹೆಸರುಕಾಳು ಸೇರಿಸಿ ಶಿಶು ಆಹಾರ ರೂಪಿಸಿದ್ದು ಇದೇ ಗುಟ್ಟಿನ ಮೇಲೆ. ಹುರಿಯುವಾಗ ಮಾತ್ರ ಉರಿ ಸಣ್ಣಗಿರಲಿ. ಕರಕಲಾದರೆ ಕಿಣ್ವ ಸಾಯುತ್ತದೆ.

ಹಾಗಂತ ರಾಗಿಯೇ ಸರ್ವಸ್ವವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ ನಿಜ. ಆದರೆ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೊಳಕೆ ಬರಿಸಿದರೆ ಸ್ವಲ್ಪ ವಾಸಿ, ಜೊತೆಗೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಇನ್ನೂ ವಾಸಿ. ಬೆಳಿಗ್ಗೆ ಸರಿ ಕೊಟ್ಟರೆ ಮಧ್ಯಾಹ್ನ ತೊಗರಿಬೇಳೆ, ನುಗ್ಗೆಸೊಪ್ಪು ಬೇಯಿಸಿ ಹಿಸುಕಿದ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ‘ಹಲ್ಲು ಬರಲಿ’ ಎಂದು ಮುಂದೂಡಬೇಡಿ. ತಿನ್ನದವರು ಬೇಳೆ, ಮೊಸರು, ಕಡಲೆಕಾಯಿ ಪುಡಿಯನ್ನು ಜಾಸ್ತಿ ಮಾಡಿ. ಸರಿಗೆ ಬೆಲ್ಲವೂ ಬೇಡ, ಬಾಳೆಹಣ್ಣು ಹಿಸುಕಿ ಹಾಕಿ. ಸಪ್ಪೆ ಎಂದು ಮುಖ ಸಿಂಡರಿಸುವವರು ನಾವು. ಕೂಸಿಗೆ ಸಪ್ಪೆ ಎಂಬ ಮಾತೇ ಗೊತ್ತಿಲ್ಲ.

ಆರೇಳು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ ಅರ್ಧ ಬಟ್ಟಲಿಗೆ ಏರಿಸಿ. ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ. ಎಲ್ಲವನ್ನೂ ಮಿಕ್ಸಿಗೆ ಹಾಕುವುದನ್ನು ಅಷ್ಟೊತ್ತಿಗೆ ಬಿಡಿ. ಚಿಕ್ಕ ಚಿಕ್ಕ ಮೆತ್ತನೆಯ ಉಂಡೆ ಬಾಯಿಗೆ ಸಿಗಬೇಕು, ಇಲ್ಲದಿದ್ದರೆ ಎರಡು ವರ್ಷವಾದರೂ ಅಗಿಯಲು ಹಟ ಮಾಡುತ್ತದೆ. ತಾಯಿ ಹಾಲು ಎರಡು ವರ್ಷದ ತನಕ ಜೊತೆಗಿರಲಿ. ಮೊಬೈಲ್ ತೋರಿಸಿ ತುರುಕುವ ಅಭ್ಯಾಸ ಬೇಡ ನೋಡಿ. ತನ್ನ ಹೊಟ್ಟೆ ತುಂಬಿತೇ ಇಲ್ಲವೇ ಎಂಬುದೇ ಮಗುವಿಗೆ ಮರೆತುಹೋಗುತ್ತದೆ.

ಡಬ್ಬಿ ಕೊಳ್ಳಲೇಬೇಕಾಗಿ ಬಂದರೆ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ‘ಆಡೆಡ್ ಶುಗರ್’ ಎಷ್ಟು ಎಂದು ನೋಡಿ. ಎರಡು ವರ್ಷದೊಳಗಿನ ಮಕ್ಕಳ ಹಾಲು-ಆಹಾರಕ್ಕೆ, ಹಾಲಿನ ಬಾಟಲಿಗೆ ಜಾಹೀರಾತು ಕೊಡುವುದನ್ನು 1992ರ ಶಿಶು ಹಾಲು ಕಾಯ್ದೆ, ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಬಾಣಂತಿಗೆ ಉಚಿತ ಸ್ಯಾಂಪಲ್ ಕೊಡುವುದೂ ತಪ್ಪು. ಯಾರಾದರೂ ಕೈಗಿಟ್ಟರೆ ಬೇಡ ಎನ್ನುವ ಹಕ್ಕು ನಿಮಗಿದೆ.

ಇನ್ನು ತಾಯಿ ಕಾರ್ಡ್. ಲಸಿಕೆ ಮುಗಿದ ಕೂಡಲೇ ಬೀರುವಿನಲ್ಲಿ ಸೇರಿಬಿಡುತ್ತದಲ್ಲ, ಅದರೊಳಗೆ ಮಗುವಿನ ತೂಕ ಗುರುತಿಸುವ ಗೆರೆಗಳ ಪುಟವಿದೆ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ತೂಕ ಹಾಕಿಸಿ ಚುಕ್ಕೆ ಇಡಿಸಿ. ಪೇಟೆಯ ಮನೆಯ ಮಗುವಿಗೂ ಅಂಗನವಾಡಿಯ ಬಾಗಿಲು ತೆರೆದೇ ಇರುತ್ತದೆ. ಎರಡು ತಿಂಗಳು ಗೆರೆ ಮೇಲೇರದೆ ಅಡ್ಡ ಮಲಗಿದರೆ, ಮಗು ಎಷ್ಟೇ ನಗುನಗುತ್ತಾ ಆಡಿಕೊಂಡಿರಲಿ, ಡಾಕ್ಟರಿಗೆ ತೋರಿಸಿ.